ಸ್ಥಿರ ದರದ ಹದಿನಾಲ್ಕನೆಯ ತಿಂಗಳು

ವಿದ್ಯುತ್ತಿಗೆ ಎರಡು ವರ್ಷಗಳ ಸ್ಥಿರ ದರದ ಒಪ್ಪಂದ ಮಾಡಿಕೊಂಡು ಹದಿನಾಲ್ಕು ತಿಂಗಳಾದವು. ಈ ನಡುವೆ ಹೊಸ ಗ್ರಾಹಕರಿಗೆ ಸಿಗುವ ದರ ಏರುತ್ತಲೇ ಬಂದಿದೆ; ನಮ್ಮ ದರ ಮಾತ್ರ ಒಪ್ಪಂದದಲ್ಲಿ ಬರೆದಷ್ಟೇ ಇದೆ. ಹಾಗಿದ್ದೂ ಕಳೆದ ಚಳಿಗಾಲದಲ್ಲಿ ಒಂದು ಬಿಲ್ಲು ವಿಪರೀತ ಹೆಚ್ಚಾಗಿ ಬಂದಾಗ, ಕಂಪನಿಯವರು ಮಾತಿಗೆ ತಪ್ಪಿದರೆಂದೇ ನಾನು ತಿಳಿದೆ. ಬಿಲ್ಲನ್ನು ಸಾಲು ಸಾಲಾಗಿ ಓದಿದಾಗ ಯೂನಿಟ್ ದರದಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. ಮೀಟರನ್ನು ಯಾರೂ ನೋಡದೆ, ಬಳಕೆಯನ್ನು ಅಂದಾಜಿನ ಮೇಲೆ ಬರೆದಿದ್ದರು. ನಿಜವಾದ ರೀಡಿಂಗನ್ನು ಫೋಟೊ ಸಮೇತ ಕಳುಹಿಸಿದ ಮೇಲೆ ಬಿಲ್ಲು ಸರಿಹೋಯಿತು.

ಅಂದಿನಿಂದ ಪ್ರತಿ ತಿಂಗಳ ಮೊದಲ ದಿನ ಬೆಳಗ್ಗೆ ಟಾರ್ಚ್ ಹಿಡಿದು ಮೀಟರ್ ನೋಡಿ, ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಸ್ಥಿರ ದರವೆಂದರೆ ಪ್ರತಿ ಯೂನಿಟ್ಟಿಗೆ ಎಷ್ಟು ಕೊಡಬೇಕು ಎಂಬುದಷ್ಟೇ ನಿಗದಿಯಾಗಿರುತ್ತದೆ; ಸಾಮಾನ್ಯವಾಗಿ ಅದರ ಜೊತೆಗೆ, ಬಳಸಿದರೂ ಬಳಸದಿದ್ದರೂ ತೆರಬೇಕಾದ ದಿನದ ಶುಲ್ಕವೂ ನಿಗದಿಯಾಗಿರುತ್ತದೆ. ಎಷ್ಟು ಯೂನಿಟ್ ಉರಿಸುತ್ತೇವೆ ಎಂಬುದು ನಮಗೇ ಬಿಟ್ಟದ್ದು. ಆದ್ದರಿಂದ ನಾನು ಲೆಕ್ಕವನ್ನು ಹಣದಲ್ಲಿ ಇಡುವುದನ್ನು ಬಿಟ್ಟು ಯೂನಿಟ್ಟಿನಲ್ಲಿ ಇಡತೊಡಗಿದೆ, ಏಕೆಂದರೆ ದರ ಯಾವಾಗ ಬದಲಾದರೂ ಈ ಲೆಕ್ಕ ಹಳತಾಗುವುದಿಲ್ಲ.

ಮೊದಲು ಕಣ್ಣಿಗೆ ಬಿದ್ದದ್ದು ರಾತ್ರಿಯ ಬಳಕೆ. ಒಂದು ದಿನ ಮಲಗುವ ಮುನ್ನ 11 ಗಂಟೆಗೂ, ಎದ್ದ ಕೂಡಲೇ 6 ಗಂಟೆಗೂ ರೀಡಿಂಗ್ ಬರೆದುಕೊಂಡೆ. ಮನೆಯವರೆಲ್ಲ ನಿದ್ರಿಸುತ್ತಿದ್ದ ಆ ಏಳು ಗಂಟೆಗಳಲ್ಲಿ 0.7 ಯೂನಿಟ್ ಖರ್ಚಾಗಿತ್ತು. ಒಂದು ಯೂನಿಟ್ ಎಂದರೆ 1000 ವಾಟಿನ ಉಪಕರಣ ಒಂದು ಗಂಟೆ ಓಡಿದಷ್ಟು ಬಳಕೆ; ಅಂದರೆ ಇದು ಸರಾಸರಿ 100 ವಾಟ್. ವರ್ಷವಿಡೀ ಹಗಲೂ ರಾತ್ರಿ ಹೀಗೆಯೇ ನಡೆದರೆ 876 ಯೂನಿಟ್. ಇದರಲ್ಲಿ ಫ್ರಿಜ್ಜಿನ ಪಾಲನ್ನು ಬಿಡುವಂತಿಲ್ಲ. ಆದರೆ ಉಗ್ರಾಣದಲ್ಲಿ ಅರ್ಧ ಖಾಲಿಯಾಗಿ ಓಡುತ್ತಿದ್ದ ಹಳೆಯ ಎರಡನೆಯ ಫ್ರಿಜ್ಜು ನಮಗೆ ಬೇಕಾಗಿಯೇ ಇರಲಿಲ್ಲ, ಅದನ್ನು ಅಂದೇ ನಿಲ್ಲಿಸಿದೆವು.

ಆಮೇಲಿನದು ಬಿಸಿನೀರು. ಮನೆಗಳಲ್ಲಿ ಉಳಿತಾಯವೆಂದರೆ ಎಲ್ಲರೂ ದೀಪದ ಸ್ವಿಚ್ಚಿನ ಕಡೆಗೇ ಕೈ ಚಾಚುತ್ತಾರೆ. ನಾನೂ ವರ್ಷಗಟ್ಟಲೆ ಮಕ್ಕಳನ್ನು ಗದರಿಸಿದ್ದು ಅದಕ್ಕಾಗಿಯೇ. ಆದರೆ 100 ಲೀಟರ್ ನೀರನ್ನು 40 ಡಿಗ್ರಿ ಹೆಚ್ಚು ಬಿಸಿ ಮಾಡಲು ಸುಮಾರು 4.65 ಯೂನಿಟ್ ಬೇಕು. ಅಷ್ಟರಲ್ಲಿ 9 ವಾಟಿನ ಎಲ್‌ಇಡಿ ಬಲ್ಬನ್ನು 500 ಗಂಟೆಗೂ ಮೀರಿ ಉರಿಸಬಹುದು. ಈ ಲೆಕ್ಕ ಮಾಡಿದ ದಿನ ದೀಪದ ವಿಷಯದ ಗದರಿಕೆಯನ್ನು ನಿಲ್ಲಿಸಿ, ಸ್ನಾನದ ಷವರಿಗೆ ಕಡಿಮೆ ನೀರು ಬಿಡುವ ತಲೆಯನ್ನು ಹಾಕಿಸಿದೆ ಮತ್ತು ಬಿಸಿನೀರಿನ ಪೈಪುಗಳಿಗೆ ಶಾಖ ಹಿಡಿದಿಡುವ ಹೊದಿಕೆ ಸುತ್ತಿಸಿದೆ.

ದರದ ಏರಿಕೆ ನಮ್ಮ ಹತೋಟಿಯಲ್ಲಿಲ್ಲ. ಅನೇಕ ವಿದ್ಯುತ್ ಮಾರುಕಟ್ಟೆಗಳಲ್ಲಿ, ಆ ಹೊತ್ತಿನ ಬೇಡಿಕೆ ಪೂರೈಸಲು ಕೊನೆಯದಾಗಿ ಚಾಲೂ ಮಾಡಬೇಕಾದ ದುಬಾರಿ ಸ್ಥಾವರವೇ ಎಲ್ಲರ ಸಗಟು ಬೆಲೆಯನ್ನು ನಿರ್ಧರಿಸುತ್ತದೆ, ಮತ್ತು ಬಹಳ ಸಲ ಅದು ಅನಿಲದ್ದಾಗಿರುತ್ತದೆ. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದ ಮೇಲೆ ಯೂರೋಪಿನಲ್ಲಿ ಅನಿಲದೊಡನೆ ವಿದ್ಯುತ್ತೂ ದುಬಾರಿಯಾದದ್ದು ಹೀಗೆ. ಸ್ಥಿರ ದರ ಆ ಏರಿಕೆಯನ್ನು ಒಪ್ಪಂದದ ಕೊನೆಯ ದಿನದವರೆಗೆ ತಡೆದು ನಿಲ್ಲಿಸುತ್ತದೆ, ಅಷ್ಟೇ.

ನಮ್ಮ ಕೊನೆಯ ದಿನಕ್ಕೆ ಇನ್ನು ಹತ್ತು ತಿಂಗಳಿವೆ. ಏನೂ ಮಾಡದೆ ಕುಳಿತರೆ ಕಂಪನಿಯವರು ಆಗಿನ ಸಾಮಾನ್ಯ ದರಕ್ಕೆ ನಮ್ಮನ್ನು ವರ್ಗಾಯಿಸುತ್ತಾರೆಂದು ಒಪ್ಪಂದದಲ್ಲಿದೆ. ಅವಧಿಗೆ ಮುನ್ನ ಬಿಟ್ಟರೆ ದಂಡವೂ ಇದೆ. ಹಾಗಾಗಿ ನಮ್ಮ ವರ್ಷದ ಯೂನಿಟ್ಟುಗಳನ್ನು ಇಂದಿನ ಹೊಸ ದರದಿಂದ ಗುಣಿಸಿ, ದಿನದ ಶುಲ್ಕವನ್ನು 365ರಿಂದ ಗುಣಿಸಿ ಸೇರಿಸಿ, ಈಗ ಕೊಡುತ್ತಿರುವುದಕ್ಕೂ ಅದಕ್ಕೂ ಇರುವ ಅಂತರದ ಹನ್ನೆರಡನೆಯ ಒಂದು ಭಾಗವನ್ನು ಪ್ರತಿ ತಿಂಗಳು ಬೇರೆ ಖಾತೆಯಲ್ಲಿ ಇಡುತ್ತಿದ್ದೇನೆ. ಈ ತಿಂಗಳ ಕಂತನ್ನು ಇಂದು ಬೆಳಗ್ಗೆ ರೀಡಿಂಗ್ ಬರೆದ ಮೇಲೆ ಹಾಕಿದೆ.