ಬೆಳಗ್ಗೆ ಜಲ್ಲಿ, ಮಧ್ಯಾಹ್ನ ಸಾಬೂನು

ಒಂದು ಜೂನ್ ಭಾನುವಾರ ಶಿವಮೊಗ್ಗದ ಹೊರಗೆ ಆಟೋಕ್ರಾಸ್ ಇತ್ತು. ಮಣ್ಣಿನ ಟ್ರ್ಯಾಕ್, ಒಂದು ಸಲಕ್ಕೆ ಒಂದೇ ಕಾರು, ಕಡಿಮೆ ಸಮಯ ತೆಗೆದುಕೊಂಡವನು ಗೆದ್ದಂತೆ. ಒಬ್ಬೊಬ್ಬರಿಗೆ ಮೂರು ರನ್. ನನ್ನದು ಹಳೇ ಮಾರುತಿ ಎಸ್ಟೀಮ್ ಕಾರು. ಜೊತೆಗೆ ನಮ್ಮೂರ ಗ್ಯಾರೇಜಿನ ಅಣ್ಣ, ಅವರ ಗಾಳಿ ಪಂಪು, ಒಂದು ಫ್ಲಾಸ್ಕ್ ಕಾಫಿ.

ಬೆಳಗ್ಗೆ ಒಣ ನೆಲ, ಮೇಲೆಲ್ಲ ಸಡಿಲ ಜಲ್ಲಿ. ಗೋಲಿ ಮೇಲೆ ಓಡಿಸಿದ ಹಾಗೆ. ಆದರೂ ಮಜಾ ಇತ್ತು. ಇಂಥ ಜಲ್ಲಿಯಲ್ಲಿ ಬ್ರೇಕ್ ಒತ್ತಿ ಚಕ್ರ ಲಾಕ್ ಆದರೆ ಟೈರಿನ ಮುಂದೆ ಜಲ್ಲಿ ಗುಡ್ಡೆಯಾಗುತ್ತದೆ, ಆ ಗುಡ್ಡೆಯೇ ಕಾರನ್ನು ತಡೆಯುತ್ತದೆ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ ಕಾರಿಗೆ ಅಪರೂಪಕ್ಕೆ ಸಿಗುವ ಲಾಭ. ಕಾರುಗಳು ಓಡಿದ ಹಾಗೆ ಜಲ್ಲಿ ಪಕ್ಕಕ್ಕೆ ಸರಿದು ಗಟ್ಟಿ ಕೆಂಪು ನೆಲ ಕಾಣಿಸಿತು. ಹಿಂದೆ ಬಂದವರೆಲ್ಲ ನನಗಿಂತ ಫಾಸ್ಟ್. ಆ ಗುಡಿಸಿದ ಗೆರೆಯನ್ನು ನಾನು ಚೆನ್ನಾಗಿ ನೆನಪಿಟ್ಟುಕೊಂಡೆ.

ತಪ್ಪಾಗಿದ್ದೇ ಅಲ್ಲಿ.

ಮಧ್ಯಾಹ್ನ ಮಳೆ ಹೊಡೆಯಿತು. ಎರಡನೇ ರನ್‌ಗೆ ಅದೇ ಗೆರೆ ಹಿಡಿದು ಹೋದೆ. ಮೊದಲ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದೆ, ಕಾರು ನೆಟ್ಟಗೆ ಹೋಯಿತು. ಇನ್ನಷ್ಟು ತಿರುಗಿಸಿದೆ. ಇನ್ನಷ್ಟು ನೆಟ್ಟಗೆ! ದಾರಿ ಗುರುತಿಗೆ ಇಟ್ಟಿದ್ದ ಮೂರು ಕೋನ್ ಬಿದ್ದವು.

ಅಣ್ಣ ಬೈಯಲಿಲ್ಲ. ಸ್ಕ್ರೂಡ್ರೈವರ್‌ನಿಂದ ಟೈರಿನ ಸಂದಿಗಳಲ್ಲಿ ಮೆತ್ತಿದ್ದ ಕೆಂಪು ಮಣ್ಣು ಕೆರೆಯುತ್ತಾ ಹೇಳಿದರು, "ಬೆಳಗ್ಗೆ ಗುಡಿಸಿಟ್ಟ ಜಾಗದಲ್ಲೇ ಹೋದ್ಯಲ್ಲ ಮಾರಾಯ. ಅಲ್ಲೀಗ ಬರೀ ಸಾಬೂನು. ಜಲ್ಲಿ ಹೊರಗಡೆ ಇದೆ, ಅದ್ರ ಮೇಲೆ ಹೋಗು."

ಟಾರ್ ಟ್ರ್ಯಾಕಿನಲ್ಲೂ ಇದೇ ಕಥೆ ಅಲ್ವಾ! ಒಣಗಿದಾಗ ರಬ್ಬರ್ ಅಂಟಿ ಹಿಡಿತ ಕೊಡುವ ಗೆರೆ ಮಳೆಯಲ್ಲಿ ಜಾರುತ್ತದೆ. 1993ರಲ್ಲಿ ಇಂಗ್ಲೆಂಡಿನ ಡೋನಿಂಗ್ಟನ್‌ನಲ್ಲಿ ಫಾರ್ಮುಲಾ ಒನ್ ಚಾಲಕ ಐರ್ಟನ್ ಸೆನ್ನಾ ಒದ್ದೆ ಟ್ರ್ಯಾಕಿನಲ್ಲಿ ಐದನೇ ಸ್ಥಾನಕ್ಕೆ ಜಾರಿ, ಅದೇ ಮೊದಲ ಸುತ್ತು ಮುಗಿಯುವುದರೊಳಗೆ ಎಲ್ಲರನ್ನೂ ದಾಟಿದ್ದ. ಆ ವಿಡಿಯೋ ಎಷ್ಟು ಸಲ ನೋಡಿದ್ದೆನೋ. ಬುದ್ಧಿ ಬಂದಿದ್ದು ಕೋನ್ ಬಿದ್ದ ಮೇಲೆ.

ಟೈರಿನ ಹಿಡಿತ ಅಂದರೆ ಜೇಬಿನಲ್ಲಿರುವ ದುಡ್ಡು. ಬ್ರೇಕಿಗೆ ಜಾಸ್ತಿ ಖರ್ಚಾದರೆ ತಿರುಗುವುದಕ್ಕೆ ಉಳಿಯುವುದು ಚಿಲ್ಲರೆ. ಮಳೆಯಲ್ಲಿ ಜೇಬೇ ಅರ್ಧ ಖಾಲಿ. ಪಾಚಿ ಕಟ್ಟಿದ ಅಂಗಳದಲ್ಲಿ ಅಡಿಕೆ ದಬ್ಬೆ ಹಾಸುವ ಮುಂಚೆ ನಡೆಯುತ್ತೇವಲ್ಲ, ಸಣ್ಣ ಹೆಜ್ಜೆ, ಯಾವುದೂ ದಿಢೀರ್ ಇಲ್ಲ, ಹಾಗೆ ಓಡಿಸಬೇಕು.

ಅಣ್ಣ ಮುಂದಿನ ಟೈರುಗಳ ಗಾಳಿ 30ರಿಂದ 24ಕ್ಕೆ ಇಳಿಸಿದರು, ಟೈರು ಅಗಲವಾಗಿ ನೆಲಕ್ಕೆ ಕೂರಲಿ ಅಂತ. ಹಿಂದಿನವು 30ರಲ್ಲೇ ಇರಲಿ ಎಂದರು. ಎಂಜಿನ್ ಮುಂದಿನ ಚಕ್ರಗಳನ್ನೇ ತಿರುಗಿಸುವ ಕಾರಿದು, ಹಿಂಭಾಗ ಸ್ವಲ್ಪ ಜಾರಿದರೆ ಮೂತಿ ಒಳಗೆ ತಿರುಗುತ್ತದೆ.

ಮೂರನೇ ರನ್‌ನಲ್ಲಿ ಬ್ರೇಕ್ ನೇರ ದಾರಿಯಲ್ಲೇ ಮುಗಿಸಿದೆ. ತಿರುವಿನ ಹೊರಗಿನ ಜಲ್ಲಿಗೆ ಚಕ್ರ ಹತ್ತಿದಾಗ ಕೆಳಗಿಂದ ಕರಕರ ಸದ್ದು. ಅಷ್ಟು ಹಿತವಾದ ಸದ್ದು ಆ ದಿನ ಬೇರೆ ಕೇಳಲಿಲ್ಲ. ಒಂದು ಕೋನೂ ಬೀಳಲಿಲ್ಲ. ಬಹುಮಾನವೇನೂ ಬರಲಿಲ್ಲ, ಬಿಡಿ.

ಸಂಜೆ ತೀರ್ಥಹಳ್ಳಿ ಕಡೆ ಹೊರಟೆ. ಟಾರ್ ರಸ್ತೆ, ಮೊದಲ ತಿರುವಿನಲ್ಲೇ ಸ್ಟೀರಿಂಗ್ ಯಾಕೋ ಭಾರ, ಕಾರು ತೂಗಾಡುತ್ತಿದೆ. ಪಂಚರ್ ಅಂದುಕೊಂಡು ಇಳಿದು ನೋಡಿದೆ. ಮುಂದಿನ ಟೈರುಗಳಲ್ಲಿ ಇನ್ನೂ 24ರ ಗಾಳಿಯೇ ಇತ್ತು.