ಮೇಲ್ಮನೆಯ ಮತ: ಕೊಡಗಿನಲ್ಲಿ ಎಲ್ಲಿ ಕೈತಪ್ಪುತ್ತದೆ, ಎಲ್ಲಿ ಕುಲಗೆಡುತ್ತದೆ

ರಾಜ್ಯದ ಮೇಲ್ಮನೆಯಾದ ವಿಧಾನ ಪರಿಷತ್ತಿಗೆ ಪದವೀಧರ ಕ್ಷೇತ್ರದ ಚುನಾವಣೆ ಬಂದಾಗಲೆಲ್ಲ ಕೇಳಿಬರುವ ದೂರು ಒಂದೇ: "ಹೋದ ಸಲ ವೋಟು ಹಾಕಿದ್ದೆನಲ್ಲ, ಈಗ ಪಟ್ಟಿಯಲ್ಲಿ ಹೆಸರೇ ಇಲ್ಲ." ಹೆಸರನ್ನು ಯಾರೂ ಕಿತ್ತುಹಾಕಿರುವುದಿಲ್ಲ. ವಿಧಾನಸಭೆಯ ಮತದಾರರ ಪಟ್ಟಿ ವರ್ಷದಿಂದ ವರ್ಷಕ್ಕೆ ಮುಂದುವರಿಯುತ್ತದೆ. ಪದವೀಧರರ ಮತ್ತು ಶಿಕ್ಷಕರ ಪಟ್ಟಿಯನ್ನು ಪ್ರತಿ ಚುನಾವಣೆಗೂ ಮೊದಲಿನಿಂದ ಬರೆಯುತ್ತಾರೆ. ಅರ್ಜಿ ಕೊಡದವನ ಹೆಸರು ಬರುವುದಿಲ್ಲ, ಅಷ್ಟೇ. ವೋಟರ್ ಐಡಿ ಜೇಬಿನಲ್ಲಿದ್ದರೂ ಪ್ರಯೋಜನವಿಲ್ಲ.

ಕರ್ನಾಟಕ ವಿಧಾನ ಪರಿಷತ್ತಿನಲ್ಲಿ 75 ಸ್ಥಾನ. 25 ಮಂದಿಯನ್ನು ಶಾಸಕರು ಆರಿಸುತ್ತಾರೆ, 25 ಮಂದಿಯನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು, ಪದವೀಧರರು 7, ಶಿಕ್ಷಕರು 7. ಉಳಿದ 11 ಮಂದಿ ರಾಜ್ಯಪಾಲರ ನಾಮನಿರ್ದೇಶನ. ಇದರಲ್ಲಿ ಕೊಡಗಿಗೆ ಪೂರ್ತಿ ಸ್ವಂತದ್ದು ಸ್ಥಳೀಯ ಸಂಸ್ಥೆಗಳ ಕ್ಷೇತ್ರದ ಒಂದು ಸ್ಥಾನ ಮಾತ್ರ. ಪದವೀಧರರು, ಶಿಕ್ಷಕರು ನೈಋತ್ಯ ಕ್ಷೇತ್ರದ ಪಾಲು: ಶಿವಮೊಗ್ಗ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ, ಕೊಡಗು, ಜೊತೆಗೆ ದಾವಣಗೆರೆ ಜಿಲ್ಲೆಯ ಹೊನ್ನಾಳಿ, ಚನ್ನಗಿರಿ ಕಡೆ. ಇಷ್ಟು ದೊಡ್ಡ ಕ್ಷೇತ್ರದಲ್ಲಿ ನಮ್ಮ ಜಿಲ್ಲೆಯ ಮತ ಮೊದಲೇ ಕಡಿಮೆ. ನೋಂದಣಿಯೂ ಕಡಿಮೆಯಾದರೆ ಅಭ್ಯರ್ಥಿಗಳು ಸಂಪಾಜೆ ಘಾಟಿ ಹತ್ತಿ ಕೊಡಗಿಗೆ ಬರುವ ಅಗತ್ಯವೇ ಬೀಳುವುದಿಲ್ಲ.

ಪದವೀಧರರಿಗೆ ನಮೂನೆ 18, ಶಿಕ್ಷಕರಿಗೆ ನಮೂನೆ 19. ಅರ್ಹತೆಯ ದಿನ ನವೆಂಬರ್ 1. ಅಂದಿಗೆ ಪದವಿ ಮುಗಿದು ಮೂರು ವರ್ಷ ಆಗಿರಬೇಕು, ಮತ್ತು ಈ ಲೆಕ್ಕ ಶುರುವಾಗುವುದು ವಿಶ್ವವಿದ್ಯಾಲಯ ಫಲಿತಾಂಶ ಪ್ರಕಟಿಸಿದ ದಿನದಿಂದ. ಘಟಿಕೋತ್ಸವ ಎರಡು ವರ್ಷ ತಡವಾಯಿತೆಂದು ಹಿಂಜರಿಯಬೇಕಿಲ್ಲ. 2024ರ ಜೂನ್‌ನಲ್ಲಿ ಆರಿಸಿದವರ ಅವಧಿ ಮುಗಿಯುವುದು 2030ರಲ್ಲಿ. ಪಟ್ಟಿ 2029ರ ನವೆಂಬರ್ 1ಕ್ಕೆ ತಯಾರಾದರೆ, 2026ರ ನವೆಂಬರ್ 1ರೊಳಗೆ ಫಲಿತಾಂಶ ಬಂದವರೆಲ್ಲ ಅರ್ಹರು.

ಕೊಡಗಿನಲ್ಲಿ ಅರ್ಜಿ ಎಡವುವುದು ವಾಸದ ಕಲಂನಲ್ಲಿ. ಕ್ಷೇತ್ರದೊಳಗೆ ಸಾಮಾನ್ಯವಾಗಿ ವಾಸವಿರುವವರಿಗೆ ಮಾತ್ರ ಅವಕಾಶ. ಬೆಂಗಳೂರಿನಲ್ಲಿ ಕೆಲಸ, ಅಲ್ಲೇ ಮನೆ, ಪುತ್ತರಿ ಹಬ್ಬಕ್ಕೆ ಮಾತ್ರ ಊರು ಎನ್ನುವವರು ಬೆಂಗಳೂರು ಪದವೀಧರ ಕ್ಷೇತ್ರಕ್ಕೆ ಸೇರಬೇಕು. ಐನ್‌ಮನೆ (ಕುಟುಂಬದ ಮೂಲಮನೆ), ಕಾಫಿ ತೋಟ, ಪಹಣಿಯಲ್ಲಿ ಹೆಸರು ಇವ್ಯಾವುವೂ ವಾಸದ ಪುರಾವೆಯಲ್ಲ. ಪಕ್ಷದವರು ಕಟ್ಟುಗಟ್ಟಲೆ ತಂದುಕೊಡುವ ಅರ್ಜಿಗಳನ್ನೂ ತೆಗೆದುಕೊಳ್ಳುವಂತಿಲ್ಲ. ಒಂದೇ ಮನೆಯವರದ್ದನ್ನು ಒಬ್ಬರು ಕೊಡಬಹುದು, ಕಚೇರಿ ಸಿಬ್ಬಂದಿಯದ್ದನ್ನು ಮುಖ್ಯಸ್ಥರು ಒಟ್ಟಿಗೆ ಕಳಿಸಬಹುದು.

ಶಿಕ್ಷಕರಾದರೆ ಕಳೆದ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷ ಪ್ರೌಢಶಾಲೆಯಲ್ಲೋ ಅದಕ್ಕಿಂತ ಮೇಲೋ ಪಾಠ ಮಾಡಿರಬೇಕು. ಪ್ರಾಥಮಿಕ ಶಾಲೆಯವರಿಗೆ ಇಲ್ಲಿ ಜಾಗವಿಲ್ಲ (ಯಾಕಿಲ್ಲ ಎನ್ನುವುದಕ್ಕೆ ಒಪ್ಪುವಂಥ ಉತ್ತರವನ್ನು ಯಾರೂ ಕೊಟ್ಟಿಲ್ಲ), ಆದರೆ ಪದವಿ ಇದ್ದರೆ ಪದವೀಧರ ಪಟ್ಟಿಗೆ ಸೇರಬಹುದು. ಪದವೀಧರರಾದ ಹೈಸ್ಕೂಲ್ ಮೇಷ್ಟ್ರು ಎರಡೂ ಪಟ್ಟಿಯಲ್ಲಿರಬಹುದು, ಎರಡು ಮತ.

ಇನ್ನು ಮತಪತ್ರ. ಇವಿಎಂ ಇಲ್ಲ, ಕಾಗದವೇ. ನಿಮ್ಮ ಮೊದಲ ಪ್ರಾಶಸ್ತ್ಯದ (ಮೊದಲ ಆಯ್ಕೆಯ) ಅಭ್ಯರ್ಥಿಯ ಹೆಸರಿನ ಎದುರಿನ ಚೌಕದಲ್ಲಿ 1 ಎಂದು ಬರೆಯಬೇಕು. ಬೇಕಿದ್ದರೆ ಉಳಿದವರಿಗೆ 2, 3. ಕನ್ನಡ ಅಂಕಿ ೧, ೨ ಕೂಡ ನಡೆಯುತ್ತದೆ, ರೋಮನ್ ಅಂಕಿಯೂ. "ಒಂದು" ಎಂದು ಅಕ್ಷರದಲ್ಲಿ ಬರೆಯುವಂತಿಲ್ಲ. ಟಿಕ್ ಹಾಕಿದರೆ ಮತ ಕುಲಗೆಟ್ಟಿತು, ಅಂದರೆ ಅಸಿಂಧು. ಇಬ್ಬರಿಗೆ 1 ಬರೆದರೆ, ಒಬ್ಬನ ಎದುರೇ 1 ಮತ್ತು 2 ಎರಡೂ ಬರೆದರೆ, ಸಹಿ ಹಾಕಿದರೆ, ಮತಗಟ್ಟೆಯಲ್ಲಿ ಕೊಟ್ಟ ನೇರಳೆ ಬಣ್ಣದ ಪೆನ್ನು ಬಿಟ್ಟು ಜೇಬಿನ ಪೆನ್ನು ತೆಗೆದರೂ ಅದೇ ಗತಿ. ಪದವೀಧರರ ಚುನಾವಣೆಯಲ್ಲೇ ಕುಲಗೆಟ್ಟ ಮತಗಳು ಸಾವಿರಗಟ್ಟಲೆ ಬೀಳುವುದು ನಗುವ ವಿಷಯವೇನಲ್ಲ. 1 ಬರೆದು, 2 ಬಿಟ್ಟು, 3 ಬರೆದರೆ ಮತ ಸಿಂಧು, ಆದರೆ ಎಣಿಕೆಯಲ್ಲಿ ಅದು 1ಕ್ಕೇ ನಿಂತುಬಿಡುತ್ತದೆ.

ಎಣಿಕೆಯನ್ನು ಒಂದು ಲೆಕ್ಕದಲ್ಲಿ ನೋಡೋಣ. ಸಿಂಧುವಾದ ಮತ 40,000 ಎಂದಿಟ್ಟುಕೊಳ್ಳಿ. ಒಂದೇ ಸ್ಥಾನ, ಹಾಗಾಗಿ ಕೋಟಾ, ಅಂದರೆ ಗೆಲ್ಲಲು ಬೇಕಾದ ಮತ, ಅರ್ಧಕ್ಕೆ ಒಂದು ಸೇರಿಸಿ 20,001. ಮೊದಲನೆಯವನಿಗೆ 18,500, ಎರಡನೆಯವನಿಗೆ 16,000, ಮೂರನೆಯವನಿಗೆ 5,500 ಮೊದಲ ಪ್ರಾಶಸ್ತ್ಯದ ಮತ ಬಂದರೆ ಯಾರೂ ಗೆದ್ದಿಲ್ಲ. ಮೂರನೆಯವನನ್ನು ಕೈಬಿಟ್ಟು ಆ 5,500 ಮತಪತ್ರಗಳಲ್ಲಿ 2 ಯಾರಿಗಿದೆ ಎಂದು ನೋಡುತ್ತಾರೆ. ಎರಡನೆಯವನಿಗೆ 4,100, ಮೊದಲನೆಯವನಿಗೆ 600 ಹೋಗಿ, 800ರಲ್ಲಿ 2 ಇಲ್ಲವೇ ಇಲ್ಲ ಎಂದಾದರೆ, ಎರಡನೆಯವನು 20,100ಕ್ಕೆ ಗೆದ್ದ. 2 ಬರೆಯದ ಆ 800 ಮಂದಿ ಕೊನೆಯ ತೀರ್ಮಾನದಿಂದ ಹೊರಗೆ. "ಎರಡನೇ ಪ್ರಾಶಸ್ತ್ಯ ಕೊಟ್ಟರೆ ನಮ್ಮವನಿಗೆ ಪೆಟ್ಟು" ಎಂದು ಏಜೆಂಟರು ಹೇಳುವುದು ಶುದ್ಧ ತಪ್ಪು: ನಿಮ್ಮ 1 ಪಡೆದವನು ಕಣದಲ್ಲಿರುವವರೆಗೆ 2ರ ಕಡೆ ಯಾರೂ ಕಣ್ಣು ಹಾಯಿಸುವುದಿಲ್ಲ.

ಸ್ಥಳೀಯ ಸಂಸ್ಥೆಗಳ ಸ್ಥಾನಕ್ಕೂ ಇದೇ ಎಣಿಕೆ. ಮತದಾರರು ಮಾತ್ರ ಬೇರೆ: ಗ್ರಾಮ ಪಂಚಾಯಿತಿ ಸದಸ್ಯರೇ ಬಹುಪಾಲು, ಜೊತೆಗೆ ಮಡಿಕೇರಿ, ವಿರಾಜಪೇಟೆ, ಕುಶಾಲನಗರ, ಸೋಮವಾರಪೇಟೆಯ ಪಟ್ಟಣ ಸಂಸ್ಥೆಗಳವರು. ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ, ಹೀಗಾಗಿ ಯಾರ ಬಳಿ ಎಷ್ಟು ಮತ ಇದೆ ಎನ್ನುವ ಲೆಕ್ಕ ಕೊನೆಯ ರಾತ್ರಿಯವರೆಗೂ ಬರೀ ಅಂದಾಜು. 2021ರ ಡಿಸೆಂಬರ್‌ನಲ್ಲಿ ಈ ಚುನಾವಣೆ ನಡೆದಾಗ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದಿತ್ತು, ಅವರ ಮತವೇ ಇರಲಿಲ್ಲ. ಸ್ಥಳೀಯ ಸಂಸ್ಥೆಗಳಲ್ಲಿ ಕನಿಷ್ಠ 75 ಶೇಕಡಾ ಕೆಲಸ ಮಾಡುತ್ತಿರಬೇಕು, ಮತದಾರರೂ 75 ಶೇಕಡಾ ಇರಬೇಕು ಎನ್ನುವುದು ಚುನಾವಣಾ ಆಯೋಗದ ಮಾನದಂಡ. ಪಂಚಾಯಿತಿಗಳಲ್ಲಿ ಚುನಾಯಿತ ಸದಸ್ಯರ ಬದಲು ಆಡಳಿತಾಧಿಕಾರಿ ಕೂತಿದ್ದರೆ ಸ್ಥಾನ ಖಾಲಿ ಬೀಳುತ್ತದೆ.

ಗೆದ್ದು ಹೋದವರು ಏನು ಮಾಡಬಲ್ಲರು? ಸಾಮಾನ್ಯ ಮಸೂದೆಯನ್ನು ಪರಿಷತ್ತು ಮೂರು ತಿಂಗಳು ತಡೆಯಬಹುದು. ವಿಧಾನಸಭೆ ಮತ್ತೆ ಅಂಗೀಕರಿಸಿ ಕಳಿಸಿದರೆ ಇನ್ನೊಂದು ತಿಂಗಳು, ಆಮೇಲೆ ಪರಿಷತ್ತು ಒಪ್ಪದಿದ್ದರೂ ಪಾಸು. ಸಂಸತ್ತಿನಂತೆ ಜಂಟಿ ಅಧಿವೇಶನದ ದಾರಿ ಇಲ್ಲಿಲ್ಲ. 2024ರ ಫೆಬ್ರುವರಿಯಲ್ಲಿ ಧಾರ್ಮಿಕ ದತ್ತಿ ತಿದ್ದುಪಡಿ ಮಸೂದೆ ಪರಿಷತ್ತಿನಲ್ಲಿ ಬಿತ್ತು. ಅದೇ ತಿಂಗಳು ಮತ್ತೆ ಬಂದು ಪಾಸಾಯಿತು. ಹಣಕಾಸು ಮಸೂದೆಗೆ 14 ದಿನ, ಅದೂ ಬರೀ ಶಿಫಾರಸು. ಇಲಾಖೆಗಳ ಅನುದಾನದ ಬೇಡಿಕೆಗಳ ಮೇಲೆ ಮತ ಹಾಕುವ ಅಧಿಕಾರ ಪರಿಷತ್ತಿಗಿಲ್ಲ. ಆದ್ದರಿಂದ "ಬಜೆಟ್‌ನಲ್ಲಿ ಕೊಡಗಿನ ರಸ್ತೆಗೆ ದುಡ್ಡು ಇಡಿಸುತ್ತೇನೆ" ಎನ್ನುವ ಅಭ್ಯರ್ಥಿ ಮನೆಗೆ ಬಂದರೆ, ಪ್ರಶ್ನೋತ್ತರ ವೇಳೆಯಲ್ಲಿ ಕಾಡಾನೆ ಹಾವಳಿಯ ಪರಿಹಾರದ ಬಗ್ಗೆ ಏನು ಕೇಳುತ್ತೀರಿ ಎಂದು ಕೇಳಿನೋಡಿ. ಅದು ನಿಜವಾಗಿ ಅವರ ಕೈಯಲ್ಲಿರುವ ಕೆಲಸ.