ಸಂಘದ ಲೆಕ್ಕಕ್ಕೊಂದು ಪ್ರೋಗ್ರಾಂ

ತೊಂಬತ್ತರ ದಶಕದ ಆರಂಭದಲ್ಲಿ ನಮ್ಮ ಕಾಲೇಜಿಗೆ ಕಂಪ್ಯೂಟರ್‌ಗಳು ಬಂದಾಗ ಅವುಗಳ ಹೊಣೆ ಗಣಿತ ವಿಭಾಗದ ಹೆಗಲಿಗೆ ಬಿದ್ದಿತು. ಚಪ್ಪಲಿಯನ್ನು ಹೊರಗೆ ಬಿಟ್ಟು ಆ ಕೋಣೆಗೆ ಕಾಲಿಟ್ಟವರಲ್ಲಿ ಬಹುತೇಕರು ಅದಕ್ಕೂ ಮೊದಲು ಕೀಲಿಮಣೆಯನ್ನು ಮುಟ್ಟಿದವರಲ್ಲ. ಯಂತ್ರದ ಭಾಗಗಳ ಚಿತ್ರ ಬರೆಸಿ, ಹೆಸರುಗಳನ್ನು ಬಾಯಿಪಾಠ ಮಾಡಿಸುವ ಗೋಜಿಗೆ ನಮ್ಮ ಸರ್ ಹೋಗಲಿಲ್ಲ. ಮೊದಲ ತರಗತಿಯಲ್ಲೇ ಜಿಡಬ್ಲ್ಯೂ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ತೆರೆದು, ಹೆಸರು ಕೇಳಿ ನಮಸ್ಕಾರ ಹೇಳುವ ಪುಟ್ಟ ಪ್ರೋಗ್ರಾಮನ್ನು ನಮ್ಮ ಕೈಯಿಂದಲೇ ಬರೆಸಿದರು.

ಬೇಸಿಕ್ ಭಾಷೆ ಹುಟ್ಟಿದ್ದೂ ನಮ್ಮಂಥವರಿಗಾಗಿಯೇ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್, ವಿಜ್ಞಾನ ಓದದ ವಿದ್ಯಾರ್ಥಿಗಳೂ ತಮಗೆ ಬೇಕಾದ ಪ್ರೋಗ್ರಾಮನ್ನು ತಾವೇ ಬರೆದುಕೊಳ್ಳುವಂತಾಗಲೆಂದು 1964ರಲ್ಲಿ ಅದನ್ನು ರೂಪಿಸಿದ್ದರು. ಸಾಲುಗಳಿಗೆ 10, 20, 30 ಎಂದು ಸಂಖ್ಯೆ ಕೊಟ್ಟುಕೊಂಡು ಹೋದರೆ, ಮರೆತುಹೋದದ್ದನ್ನು ಆಮೇಲೆ 15 ಎಂದು ನಡುವೆ ತೂರಿಸಬಹುದಿತ್ತು; ಕಲಿಯುವವರು ಮರೆಯುತ್ತಾರೆಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿದ ಈ ಏರ್ಪಾಡು ನನಗೆ ಇಂದಿಗೂ ಮೆಚ್ಚುಗೆ.

ಸರ್ ಇಟ್ಟಿದ್ದ ಕರಾರು ಒಂದೇ. ಪ್ರತಿ ಜೋಡಿಯೂ ವರ್ಷ ಮುಗಿಯುವುದರೊಳಗೆ ಒಂದು ಸಣ್ಣ ತಂತ್ರಾಂಶ ಮಾಡಬೇಕು, ಆದರೆ ಅದನ್ನು ಬಳಸುವವರು ಕಂಪ್ಯೂಟರ್ ತರಗತಿಗೆ ಸೇರಿದವರಾಗಿರಬಾರದು. ಹಾಗಾಗಿ ನನ್ನ ಇಬ್ಬರು ಸಹಪಾಠಿಗಳು ನೋಟ್‌ಬುಕ್, ಪೆನ್ನು ಮಾರುತ್ತಿದ್ದ ಕಾಲೇಜಿನ ಸಹಕಾರ ಸಂಘದ ಲೆಕ್ಕವನ್ನು ಆರಿಸಿಕೊಂಡರು. ಪ್ರಯೋಗಾಲಯದಲ್ಲಿ ಅದು ಚೆನ್ನಾಗಿಯೇ ಓಡಿತು. ಸಂಘದ ಗುಮಾಸ್ತರು ಬಂದು ಕುಳಿತು, ಖಾತೆ ಪುಸ್ತಕದಲ್ಲಿ ಬರೆಯುವಂತೆಯೇ ಅಲ್ಪವಿರಾಮ ಹಾಕಿ 1,250 ಎಂದು ಒತ್ತಿದೊಡನೆ, ಮತ್ತೆ ಮೊದಲಿನಿಂದ ಮಾಡಿ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಮೂಡಿತು. ಅವರು ಮತ್ತೆ 1,250 ಎಂದೇ ಒತ್ತಿದರು, ಅದೂ ಅದನ್ನೇ ಹೇಳಿತು. ಬಳಸುವವರಿಂದ ಉತ್ತರ ಕೇಳಿ ಪಡೆಯುವ ಇನ್‌ಪುಟ್ ಆಜ್ಞೆಗೆ ಅಲ್ಪವಿರಾಮವೆಂದರೆ ಎರಡು ಉತ್ತರಗಳ ನಡುವಿನ ಗೆರೆ. ಒಂದು ಉತ್ತರ ಕೇಳಿದ್ದಲ್ಲಿ ಎರಡು ಬಂದವೆಂದು ಅದು ತಗಾದೆ ತೆಗೆದಿತ್ತು.

ಅಲ್ಪವಿರಾಮ ಹಾಕಬೇಡಿ ಎಂದು ಅವರಿಗೆ ಹೇಳಿಬಿಡೋಣವೆಂದು ಹುಡುಗರು ಹೊರಟಾಗ ಸರ್ ಒಪ್ಪಲಿಲ್ಲ. "ಅವರು ಇಪ್ಪತ್ತು ವರ್ಷದಿಂದ ಹಾಗೇ ಬರೀತಿದ್ದಾರೆ, ಬದಲಾಗಬೇಕಾದ್ದು ನಿಮ್ಮ ಪ್ರೋಗ್ರಾಂ ಕಣ್ರೋ," ಎಂದರು. ಆಗ ಲೈನ್ ಇನ್‌ಪುಟ್ ಎಂಬ ಇನ್ನೊಂದು ಆಜ್ಞೆಯಿಂದ ಇಡೀ ಸಾಲನ್ನು ಅಕ್ಷರಗಳಾಗಿಯೇ ಪಡೆದು, ಒಂದೊಂದೇ ಅಕ್ಷರ ನೋಡುತ್ತ ಅಲ್ಪವಿರಾಮವನ್ನು ಬಿಟ್ಟು ಉಳಿದದ್ದನ್ನು ಜೋಡಿಸಿ, ಕೊನೆಗೆ ಸಂಖ್ಯೆಯಾಗಿ ಪರಿವರ್ತಿಸುವ ಭಾಗ ಸೇರಿತು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್ ಎಂಬುದು ಯಾತಕ್ಕೆ ಬೇಕೆಂದು ನಮ್ಮಲ್ಲಿ ಹಲವರಿಗೆ ತಿಳಿದದ್ದು ಅಂದೇ. ಪಠ್ಯಪುಸ್ತಕದ ಒಂದರಿಂದ ನೂರರ ಮೊತ್ತದಿಂದ ಅದು ತಿಳಿದಿರಲಿಲ್ಲ.

ಈಗ 2007ರಲ್ಲಿ ಬಂದ ಸ್ಕ್ರ್ಯಾಚ್‌ನಂಥ, ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಸಾಧನಗಳಿವೆ, ಆಜ್ಞೆಗಳ ತುಂಡುಗಳನ್ನು ಎಳೆದು ಜೋಡಿಸಿದರೆ ಸಾಕು, ಕಾಗುಣಿತದ ತಪ್ಪಿಗೆ ಅವಕಾಶವೇ ಕಡಿಮೆ. ಒಳ್ಳೆಯದೇ. ಆದರೂ ನನ್ನ ಮಕ್ಕಳ ಕಂಪ್ಯೂಟರ್ ಪುಸ್ತಕ ತೆರೆದಾಗ ಪತ್ರ ಟೈಪಿಸುವುದೂ ಸ್ಲೈಡು ಮಾಡುವುದೂ ಎಷ್ಟೋ ಪುಟ ತುಂಬಿರುವುದನ್ನು ಕಂಡು ಬೇಸರವಾಗುತ್ತದೆ.

ಅಂದು ಸಂಘದ ಗುಮಾಸ್ತರು ಮಾತ್ರ ಅಲ್ಪವಿರಾಮಕ್ಕೇ ಬಿಡಲಿಲ್ಲ. ಬಾಕಿದಾರರ ಪಟ್ಟಿ ಅಕಾರಾದಿಯಾಗಿ ಬರಬೇಕು, ಬಾಕಿ ತೀರಿಸಿದವರ ಹೆಸರು ತಾನಾಗಿ ಬಿಟ್ಟುಹೋಗಬೇಕು ಎಂದು ಚೀಟಿಯಲ್ಲಿ ಬರೆದು ಕಳುಹಿಸಿದರು. ಹೀಗೆ ಕ್ರಮವಾಗಿ ಜೋಡಿಸುವ ಸಾರ್ಟಿಂಗ್ ಪಾಠಕ್ಕೆ ಇನ್ನೂ ಎರಡು ಅಧ್ಯಾಯ ಬಾಕಿಯಿತ್ತು. ಸರ್ ಆ ಚೀಟಿಯನ್ನೇ ಹಲಗೆಯ ಮೇಲೆ ಬರೆದು ಅಂದೇ ಶುರುಮಾಡಿದರು.